ಕರಡು ನೋಡೋಕೆ ಇನ್ನೊಬ್ಬರು

"ಮೇಡಂ, ಮನೇಲಿ ಇನ್ನೊಬ್ರು ಯಾರಿದ್ದಾರೆ?"

ಕೇಳಿದ್ದು ಜನಗಣತಿಯವರಲ್ಲ. ಗ್ಯಾಸ್ ಏಜೆನ್ಸಿಯವರೂ ಅಲ್ಲ. ನಮ್ಮ ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಭಾಗ್ಯ. ನನ್ನ ಪುಸ್ತಕದ ಪುಟ ಜೋಡಿಸುತ್ತಿರುವವಳು.

(ಹೌದು, ಪುಸ್ತಕ. ಈ ಕಾಲಂನಲ್ಲಿ ಇಷ್ಟು ವರ್ಷ ನಿಮ್ಮ ತಲೆ ತಿಂದಿದ್ದನ್ನೆಲ್ಲ ಒಟ್ಟು ಮಾಡಿ ನಾನೇ ಪ್ರಿಂಟ್ ಮಾಡಿಸುತ್ತಿದ್ದೇನೆ. ಒಬ್ಬ ಪ್ರಕಾಶಕರಿಗೆ ಬರೆದಿದ್ದೆ. ಬಹಳ ಪೊಲೈಟ್ ಜನ. ಆಗಲ್ಲ ಅಂತ ಹೇಳಲಿಲ್ಲ. ಏನೂ ಹೇಳಲಿಲ್ಲ.)

"ಯಾಕಮ್ಮ?" ಎಂದೆ.

"ಪ್ರೂಫ್ ನೋಡೋಕೆ ಇಬ್ರು ಬೇಕು ಮೇಡಂ. ಒಬ್ರು ಒರಿಜಿನಲ್ ಇಟ್ಕೊಂಡು ಜೋರಾಗಿ ಓದ್ಬೇಕು. ಇನ್ನೊಬ್ರು ಪ್ರೂಫ್ ಮೇಲೆ ಕಣ್ಣಿಟ್ಕೊಂಡು ಹೋಗ್ಬೇಕು. ಒಬ್ರೇ ನೋಡಿದ್ರೆ ತಪ್ಪು ಸಿಗಲ್ಲ. ಅದ್ರಲ್ಲೂ ಬರೆದೋರೇ ಒಬ್ರೇ ನೋಡಿದ್ರೆ ಮುಗೀತು."

"ನಾನು ಮೂವತ್ತು ವರ್ಷ ಆನ್ಸರ್ ಪೇಪರ್ ತಿದ್ದಿದ್ದೀನಿ ಭಾಗ್ಯ."

"ಅದು ಬೇರೆಯವ್ರು ಬರೆದಿದ್ದು ಮೇಡಂ. ಇದು ನಿಮ್ದು. ನಿಮಗೆ ಬಾಯಿಪಾಠ ಇರುತ್ತೆ. ಹಾಳೆ ಮೇಲೆ ಇಲ್ದಿದ್ರೂ ನಿಮ್ ಕಣ್ಣು ಓದ್ಬಿಡುತ್ತೆ."

ಅವಳು ಹೇಳಿದ್ದು ಅಷ್ಟೇ. ಪ್ರೂಫಿನ ಕಟ್ಟು ನನ್ನ ಕೈಗಿಟ್ಟು, ಕಾಯುತ್ತಿದ್ದ ಮದುವೆ ಕಾರ್ಡಿನವರ ಕಡೆ ತಿರುಗಿದಳು. ಇದು ಲಗ್ನದ ಸೀಸನ್. ಸೋಮವಾರದೊಳಗೆ ಮೊದಲ ಹಾಳೆಯ ಮೇಲೆ 'ಪ್ರಿಂಟ್‌ಗೆ ಓಕೆ' ಅಂತ ಬರೆದು ಸೈನ್ ಮಾಡಿ ಕೊಡಬೇಕು. ಕೊಟ್ಟರೆ ಬೆಂಗಳೂರಿನ ಪ್ರೆಸ್ಸಿಗೆ ಹೋಗುತ್ತದೆ. ಸೈನ್ ಬಿದ್ದ ಮೇಲೆ ತಪ್ಪೆಲ್ಲ ನನ್ನದೇ. ಅದು ಆ ಕಸುಬಿನ ಪದ್ಧತಿ.

ಆಟೋದಲ್ಲಿ ಕೂತು ಮೊದಲ ಹಾಳೆಗಳನ್ನು ತಿರುವಿದೆ. ಮುಖಪುಟ ಇಂಥವರದು, ಅಕ್ಷರ ಜೋಡಣೆ ಭಾಗ್ಯ, ಪ್ರಕಾಶನ ಸರೋಜ ಪ್ರಕಾಶನ. ಅದರ ಕೆಳಗೆ 'ಕರಡು ತಿದ್ದಿದವರು' ಅಂತ ಹಾಕಿ ಮುಂದೆ ಖಾಲಿ ಬಿಟ್ಟಿದ್ದಳು.

ಸರೋಜ ಅಂದರೆ ನನ್ನ ಅಕ್ಕ. ಪ್ರಕಾಶನಕ್ಕೆ ಏನು ಹೆಸರಿಡಲಿ ಮೇಡಂ ಅಂತ ಭಾಗ್ಯ ಕೇಳಿದಾಗ ಬಾಯಿಗೆ ಬಂದ ಹೆಸರು ಅದೊಂದೇ. ಭಾಗ್ಯನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಸ್ವಂತ ಪುಸ್ತಕ ಮಾಡ್ಸೋರೆಲ್ಲ ಹಂಗೇ ಮೇಡಂ. ಇಲ್ಲದೆ ಇರೋರ ಹೆಸರೇ ಇಡೋದು" ಅಂದಳು. ನಮ್ಮ ಕನ್ನಡದಲ್ಲಿ ಹೀಗೆ ಎಷ್ಟು ಪ್ರಕಾಶನಗಳಿವೆಯೋ. ಒಂದೇ ಒಂದು ಪುಸ್ತಕ ತಂದು, ಆಮೇಲೆ ಸುಮ್ಮನಾದ ಅಮ್ಮಂದಿರು, ಅಕ್ಕಂದಿರು, ಯಜಮಾನರು.

ಹಳೆಯ ಓದುಗರಿಗೆ ಅಕ್ಕ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ಅಪ್ಪನಿಗೆ ಮೇಲಿಂದ ಮೇಲೆ ಟ್ರಾನ್ಸ್‌ಫರ್. ಚಿಕ್ಕವಳು ಅಂತ ನನ್ನನ್ನು ಕೋಲಾರದ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದರು. ಅಕ್ಕ ಅಪ್ಪನ ಜೊತೆ ಊರೂರು ತಿರುಗಿ ಕನ್ನಡ ಸ್ಕೂಲುಗಳಲ್ಲಿ ಓದಿ ನರ್ಸ್ ಆದಳು. ನಾನು ಇಂಗ್ಲಿಷ್ ಟೀಚರ್ ಆದೆ. ಇಬ್ಬರಿಗೂ ಮದುವೆ ಅನ್ನೋದು ಹೇಗೋ ತಪ್ಪಿಹೋಯಿತು. ರಿಟೈರ್ ಆದ ಮೇಲೆ ಚಿಂತಾಮಣಿಯ ಈ ಮನೆಯಲ್ಲಿ ಇಬ್ಬರೇ ಇದ್ದೆವು.

ನಾನು ಕನ್ನಡದಲ್ಲಿ ಬರೆಯೋಕೆ ಶುರು ಮಾಡಿದ್ದು ಅಕ್ಕ ಇದ್ದ ಧೈರ್ಯದಿಂದ. ಬರೆದು ಮುಗಿಸಿದ ಕೂಡಲೇ ಅವಳು ಎದುರು ಕುರ್ಚಿಯಲ್ಲಿ ಕೂತು ಜೋರಾಗಿ ಓದುತ್ತಿದ್ದಳು. ವಾರ್ಡಿನಲ್ಲಿ ಟೆಂಪರೇಚರ್ ಓದಿ ಹೇಳುವ ಧ್ವನಿ. ಕೊನೆಯ ಸಾಲು ಮುಗಿದ ಮೇಲೆ "ಹ್ಞೂಂ" ಅನ್ನುತ್ತಿದ್ದಳು. ಇಷ್ಟೇ ವಿಮರ್ಶೆ. ಆ ಹ್ಞೂಂ ಮೇಲೆ ಹೋದರೆ ಪೇಪರಿಗೆ ಕಳಿಸುವುದು. ಕೆಳಗೆ ಇಳಿದರೆ ಮತ್ತೆ ಬರೆಯುವುದು.

ಹೋದ ವರ್ಷದ ಅವರೆಕಾಯಿ ಕಾಲದಲ್ಲಿ ಅಕ್ಕ ಹೋದಳು. ಅದನ್ನೂ ಇಲ್ಲೇ ಬರೆದಿದ್ದೆ. ನೀವು ಕಾಗದ ಬರೆದಿರಿ, ಫೋನ್ ಮಾಡಿದಿರಿ. ಥ್ಯಾಂಕ್ಸ್ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಈಗ ಹೇಳುತ್ತೇನೆ.

ಈಗ ಎಷ್ಟೋ ದಿನ ಬೆಳಿಗ್ಗೆಯಿಂದ ಮಾತೇ ಆಡಿರುವುದಿಲ್ಲ. ಸಂಜೆ ಹಾಲಿನವನು ಬಂದಾಗ "ಅರ್ಧ ಲೀಟರ್ ಸಾಕಪ್ಪ" ಅನ್ನೋಕೆ ಬಾಯಿ ತೆರೆದರೆ ಮೊದಲ ಅಕ್ಷರ ಗಂಟಲಿನಲ್ಲೇ ಒಡೆದುಹೋಗುತ್ತದೆ. ಅವನು ಪಾಪ, "ಜ್ವರಾನಾ ಟೀಚರಮ್ಮ?" ಅಂತ ಕೇಳುತ್ತಾನೆ.

ಇಂಥವಳಿಗೆ ಇನ್ನೊಬ್ರನ್ನ ಕರ್ಕೊಂಡು ಬಾ ಅಂದರೆ?

ಮೊದಲು ಪಕ್ಕದ ಮನೆ ರತ್ನಮ್ಮನನ್ನು ಕೇಳಿದೆ. ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುವ ಹೆಂಗಸು, ಒಳ್ಳೆಯ ಮನಸ್ಸು. ಸಂತೋಷದಿಂದ ಬಂದು ಎದುರು ಕುರ್ಚಿಯಲ್ಲಿ ಕೂತರು. (ಅಕ್ಕನ ಕುರ್ಚಿ. ಪರವಾಗಿಲ್ಲ ಅಂದುಕೊಂಡೆ.) ಒಂದು ಪ್ಯಾರಾ ಓದಿದರು. ನಿಲ್ಲಿಸಿದರು.

"ಟೀಚರಮ್ಮ, ಇದ್ರಲ್ಲಿ ಬರೋ ಸುಬ್ಬಕ್ಕ ಯಾರು? ಮೂಲೆ ಮನೆಯೋಳೇ ಕದಾ?"

"ಇಲ್ಲಾರೀ, ಸುಮ್ಮನೆ ಹಾಕಿರೋ ಹೆಸರು."

"ಸುಮ್ಮನೆ ಯಾರಾದ್ರೂ ಹಾಕ್ತಾರಾ. ಆಯಮ್ಮ ಹಂಗೇ ಮಾಡ್ತಾಳೆ, ಕೇಳಿ ಇಲ್ಲಿ."

ಕೇಳಿದೆ. ಮೂಲೆ ಮನೆಯವಳ ಚರಿತ್ರೆ ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ರತ್ನಮ್ಮ ಆ ಲೇಖನವನ್ನು ತಮ್ಮ ಓರಗಿತ್ತಿಗೆ ತೋರಿಸುತ್ತೇನೆಂದು ತೆಗೆದುಕೊಂಡು ಹೋದರು. ಮರುದಿನ ಹಾಳೆ ವಾಪಸು ಬಂತು, ಅರಿಶಿನದ ಬೆರಳಚ್ಚಿನೊಂದಿಗೆ. ತಪ್ಪು ಒಂದೂ ಗುರುತಿಸಿರಲಿಲ್ಲ.

ಆಮೇಲೆ ಫೋನ್. ಈಗ ಫೋನೇ ಕನ್ನಡ ಓದಿ ಹೇಳುತ್ತದಲ್ಲ. ನನ್ನ ಒರಿಜಿನಲ್ ಅದರಲ್ಲೇ ಇತ್ತು. ಆನ್ ಮಾಡಿ ಎದುರು ಕುರ್ಚಿಯ ಮೇಲೆ ಇಟ್ಟೆ. ಅದರೊಳಗಿನ ಹೆಂಗಸಿಗೆ ಉಸಿರೇ ಬೇಡ. ನಮ್ಮ ಹಾಸ್ಟೆಲಿನ ಬೆಲ್ಲು, ನಮ್ಮಮ್ಮನ ಕಾಯಿಲೆ, ಅವರೆಬೇಳೆ ಸಾರು, ಎಲ್ಲವನ್ನೂ ರೈಲು ಲೇಟು ಅನ್ನುವ ಧ್ವನಿಯಲ್ಲಿ ಹೇಳಿಕೊಂಡು ಹೋದಳು. ಮೊದಲ ಲೇಖನದ ಅರ್ಧಕ್ಕೇ ಬಾಯಿ ಮುಚ್ಚಿಸಿದೆ. (ಕೊನೆಯ ತನಕ ತಾಳಿಕೊಂಡಿದ್ದರೆ ಈ ವಾರದ ಕಾಲಂ ಬೇರೆ ಇರುತ್ತಿತ್ತು.)

ಕೊನೆಗೆ ನಾನೊಬ್ಬಳೇ ಕೂತೆ. ಅಲ್ಲೊಂದು ಇಲ್ಲೊಂದು ಒತ್ತು ಬಿದ್ದುಹೋಗಿದ್ದು, ಒಂದು ಪದ ಎರಡು ಸಲ ಬಂದಿದ್ದು, ಇಂಥವು ಸಿಕ್ಕವು. ಕೆಂಪು ಇಂಕಿನಲ್ಲಿ ಸುತ್ತು ಹಾಕಿದೆ. ಕ್ಲೀನ್ ಆಗಿದೆ ಅನ್ನಿಸಿತು. ಎಷ್ಟು ಚೆಂದ ಕೂತಿವೆ ಪುಟಗಳು ಅಂತ ಹೆಮ್ಮೆಯೂ ಆಯಿತು. ಒಂದೊಂದು ಲೇಖನವೂ ಬಲಗಡೆ ಪುಟದಿಂದಲೇ ಶುರು. ಅದು ನಾನು ಹಟ ಹಿಡಿದು ಮಾಡಿಸಿದ್ದು. ಹೊಸ ಪಾಠ ಯಾವಾಗಲೂ ಬಲಗಡೆ ಪುಟದಿಂದ, ಅಂತ ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಎಡಗಡೆ ಶುರು ಮಾಡಿದರೆ ಹಾಳೆ ಹರಿಸಿ ಮತ್ತೆ ಬರೆಸುತ್ತಿದ್ದರು. ಈ ವಯಸ್ಸಿನಲ್ಲಿ ಯಾರೂ ಹರಿಸಲ್ಲ. ಆದರೂ ಅಭ್ಯಾಸ.

'ಪ್ರಿಂಟ್‌ಗೆ ಓಕೆ' ಅಂತ ಬರೆದೂ ಬಿಟ್ಟೆ. ಸೈನ್ ಹಾಕಬೇಕು. ಪೆನ್ನು ಮುಂದೆ ಹೋಗಲಿಲ್ಲ. ಭಾಗ್ಯನ ಮಾತು ಅಲ್ಲೇ ಕೂತಿತ್ತು. ಒಬ್ರೇ ನೋಡಿದ್ರೆ ತಪ್ಪು ಸಿಗಲ್ಲ. ಅಕ್ಕನ ಹೆಸರಿನ ಪ್ರಕಾಶನ, ಅದರ ಒಂದೇ ಪುಸ್ತಕ. ಪೇಷೆಂಟಿನ ಚಾರ್ಟಿನಲ್ಲಿ ಒಂದು ಅಂಕಿ ತಪ್ಪಿದರೆ ಊಟ ಬಿಡುತ್ತಿದ್ದವಳ ಹೆಸರಲ್ಲಿ ತಪ್ಪಿರುವ ಪುಸ್ತಕ ಹೇಗೆ ತರಲಿ?

ಆಗ ನೆನಪಾದವಳು ನಸೀಮಾ.

ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಅವಳು ಕನ್ನಡ, ನಾನು ಇಂಗ್ಲಿಷ್. ಸ್ಟಾಫ್ ರೂಮಿನಲ್ಲಿ ಒಂದೇ ಮೇಜು. ಇವತ್ತಿಗೂ ಒಬ್ಬರನ್ನೊಬ್ಬರು ಮಿಸ್ ಅಂತಲೇ ಕರೆಯುವುದು. ಈಗ ಶಿಡ್ಲಘಟ್ಟದಲ್ಲಿ ಮಗ ಸೊಸೆ ಜೊತೆ ಇದ್ದಾಳೆ. ಹಬ್ಬಕ್ಕೊಂದು ಫೋನ್ ಬಿಟ್ಟರೆ ಭೇಟಿಯಾಗಿ ಎಷ್ಟೋ ಕಾಲ ಆಗಿತ್ತು. ಫೋನ್ ಮಾಡಿ ವಿಷಯ ಹೇಳಿದೆ.

"ಬಾ ಮಿಸ್, ಇಬ್ರೂ ಕೂತು ನೋಡಣ" ಅಂದಳು. ಎರಡನೇ ಮಾತಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕೈವಾರದ ಬಸ್ಸಿಗೆ ನುಗ್ಗುವ ಭಕ್ತರ ನಡುವೆ ಪ್ರೂಫಿನ ಕಟ್ಟನ್ನು ಎದೆಗವಚಿಕೊಂಡು ದಾರಿ ಮಾಡಿಕೊಂಡೆ. ಹೆಗಲಲ್ಲಿ ಪೇಪರ್ ಕಟಿಂಗ್‌ಗಳ ಫೈಲು. ಶಿಡ್ಲಘಟ್ಟದಲ್ಲಿ ಇಳಿದ ಕೂಡಲೇ ರೇಷ್ಮೆಗೂಡು ಬೇಯುವ ವಾಸನೆ. ಅವಳ ಬೀದಿಯಲ್ಲಿ ರೇಷ್ಮೆ ಮಷೀನುಗಳ ಸದ್ದು. ನಸೀಮಾ ಮುಂದಿನ ರೂಮಿನ ದಿವಾನದ ಮೇಲೆ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಮಗ ಅಂಗಡಿಗೆ, ಸೊಸೆ ಆಫೀಸಿಗೆ. ಫ್ಲಾಸ್ಕಿನಲ್ಲಿ ಚಹಾ ಇತ್ತು. ಅವಳು ಕಪ್ಪಿನ ಅಂಚಿಗೆ ಬೆರಳಿಟ್ಟುಕೊಂಡು ಸುರಿದಳು. ಬಿಸಿ ಬೆರಳಿಗೆ ತಾಗಿದಾಗ ನಿಲ್ಲಿಸಿದಳು. ನನಗೆ ಅದು ಯಾಕೋ ವಿಚಿತ್ರ ಅನ್ನಿಸಿತು, ಅಷ್ಟೇ.

"ತಗೋ ಮಿಸ್, ನೀನು ಒರಿಜಿನಲ್ ಓದು, ನಾನು ಪ್ರೂಫ್ ನೋಡ್ತೀನಿ" ಅಂತ ಫೈಲನ್ನು ಅವಳ ತೊಡೆಯ ಮೇಲಿಟ್ಟೆ.

ಅವಳು ಫೈಲನ್ನು ಸವರಿದಳು. ತೆಗೆಯಲಿಲ್ಲ.

"ನಂಗೆ ಓದಕ್ಕಾಗಲ್ಲ ಕಣೇ. ಕಣ್ಣು ಹೋಗಿ ವರ್ಷದ ಮೇಲಾಯ್ತು. ನಡುವೆ ಕಪ್ಪು, ಸುತ್ತ ಮಾತ್ರ ಕಾಣುತ್ತೆ. ಈಗ ನಿನ್ನ ಸೀರೆ ಅಂಚು ಕಾಣ್ತಿದೆ. ಮುಖ ಕಾಣ್ತಿಲ್ಲ."

ನನ್ನ ಬಾಯಿಗೆ ಬಂದ ಮಾತು ಬರೀ ಕಂಪ್ಲೇಂಟು.

"ಮತ್ತೆ ಫೋನಲ್ಲಿ ಯಾಕೆ ಹೇಳ್ಲಿಲ್ಲ? ಬಾ, ಇಬ್ರೂ ಕೂತು ನೋಡಣ ಅಂದೆ."

"ಓದಕ್ಕಾಗಲ್ಲ ಅಂದಿದ್ರೆ ನೀನು ಬರ್ತಿದ್ಯಾ?"

ನೀವೇ ಹೇಳಿ. ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ಎಷ್ಟು ದೂರ? ಒಂದು ಬಸ್ಸು. ಅದಕ್ಕೆ ನನಗೆ ಒಂದು ಪ್ರೂಫಿನ ಕಟ್ಟು ಬೇಕಾಯಿತು.

ಅವಳೇ ನನ್ನನ್ನು ಉಳಿಸಿದಳು. "ಮುಖ ಕಾಣದಿದ್ರೆ ನಷ್ಟ ಏನಿಲ್ಲ ಬಿಡು. ಮೊದಲೂ ಅಷ್ಟಕ್ಕಷ್ಟೇ ಇತ್ತು" ಅಂದಳು.

"ನೀನೇನು ರತಿ ಆಗಿದ್ಯಾ?"

"ನಾನು ಕನ್ನಡ ಮಿಸ್. ನಮ್ಮನ್ನ ಯಾರೂ ಮುಖ ನೋಡಿ ತಗೊಳ್ತಿರಲಿಲ್ಲ. ಓದು ನೀನು, ನಾನು ಕೇಳ್ತೀನಿ. ಕಿವಿ ಇನ್ನೂ ಇದೆ."

ಸರಿ ಅಂತ ಪ್ರೂಫ್ ತೆಗೆದು ಓದೋಕೆ ಕೂತೆ. ಇದರಿಂದ ತಪ್ಪು ಹೇಗೆ ಸಿಗಬೇಕು ಅಂತ ಗೊತ್ತಿರಲಿಲ್ಲ. ಬಂದದ್ದಾಯಿತಲ್ಲ. ಹಿತಕಿದ ಅವರೆಬೇಳೆಯ ಮೇಲೆ ಬರೆದಿದ್ದನ್ನು ಓದಿದೆ. ನೆನೆಸಿದ ಕಾಳನ್ನು ಒಬ್ಬರೇ ಕೂತು ಹಿತಕಿದರೆ ಮುಗಿಯುವುದೇ ಇಲ್ಲ, ಇಬ್ಬರು ಕೂತರೆ ಹರಟೆಯಲ್ಲಿ ಮುಗಿದುಹೋಗುತ್ತದೆ ಅಂತ ಬರೆದಿದ್ದೆನಲ್ಲ, ಅದು. ಓದಿ ಮುಗಿಸಿ ಅವಳ ಮುಖ ನೋಡಿದೆ.

ನಸೀಮಾ ಕಾಯುತ್ತಿದ್ದಳು.

"ಆಮೇಲೆ?"

"ಆಮೇಲೆ ಏನಿಲ್ಲ. ಮುಗೀತು."

"ಎಲ್ಲಿ ಮುಗೀತು?"

ಈಗಿನ ಸ್ಟೈಲ್ ಹೀಗೇ, ಓಪನ್ ಎಂಡಿಂಗ್ ಅಂತಾರೆ ಅಂತ ವಿವರಿಸಿದೆ. ಸಟ್ಲ್ ಆಗಿದೆ, ಎಲ್ಲರಿಗೂ ತಕ್ಷಣ ತಟ್ಟಲ್ಲ ಅಂತಲೂ ಅಂದೆ. (ಕಾಲಂ ಬರೆಯುವವರ ಹೆಮ್ಮೆಗೆ ಮಿತಿ ಇಲ್ಲ.) ಅವಳು ಇನ್ನೊಂದು ಓದು ಅಂದಳು.

ಪೆನ್ಷನ್‌ಗಾಗಿ ಬದುಕಿದ್ದೇವೆ ಅಂತ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದರ ಬಗ್ಗೆ ಬರೆದಿದ್ದನ್ನು ತೆಗೆದೆ. ಸವೆದ ಹೆಬ್ಬೆಟ್ಟು, ಗುರುತೇ ಹಿಡಿಯದ ಮಷೀನು, ಮತ್ತೆ ಒತ್ತಿ ಮತ್ತೆ ಒತ್ತಿ ಅನ್ನುವ ಹುಡುಗಿ. ಮುಗಿಯಿತು.

"ಆಮೇಲೆ?"

"ಅಯ್ಯೋ, ಅಷ್ಟೇ ಕಣೇ."

"ಅಷ್ಟೇ ಹೇಗಾಗುತ್ತೆ? 'ನಾನು ಬದುಕಿದ್ದೇನೆ ಅಂತ ನನಗಿಂತ ಮೊದಲು ನನ್ನ ಹೆಬ್ಬೆಟ್ಟಿಗೆ ಗೊತ್ತಾಗಬೇಕಂತೆ.' ಅದೆಲ್ಲಿ ಹೋಯ್ತು?"

ಪ್ರೂಫ್ ಕೆಳಗಿಟ್ಟೆ.

"ನಿಂಗೆ ಹೇಗೆ ಗೊತ್ತು?"

"ಪ್ರತಿ ವಾರ ಸೊಸೆ ಓದಿ ಹೇಳ್ತಾಳೆ. ನಿನ್ನ ಕಾಲಂ ಮುಗಿಯೋವರ್ಗೂ ಅವತ್ತು ನಮ್ಮನೇಲಿ ಒಲೆ ಹಚ್ಚಲ್ಲ. ಆ ಸಾಲಿಗೆ ನಾನು ನಕ್ಕಿದ್ದು ನೋಡಿ, ಪಾಪ, ಮತ್ತೊಂದು ಸಲ ಓದಿದ್ಲು. ನನ್ನ ಹೆಬ್ಬೆಟ್ಟೂ ಅದೇ ಕಥೆ ತಾನೆ."

ಕಟಿಂಗ್ ತೆಗೆದು ನೋಡಿದೆ. ಕೊನೆಯ ಸಾಲು, ಅವಳು ಹೇಳಿದಂತೆಯೇ. ಪ್ರೂಫಿನಲ್ಲಿ ಅದು ಇಲ್ಲ. ಅವರೆಬೇಳೆಯದ್ದೂ ಇಲ್ಲ. ಗಾಬರಿಯಿಂದ ಒಂದೊಂದಾಗಿ ಹಿಡಿದು ನೋಡುತ್ತಾ ಹೋದೆ. ಎಷ್ಟೋ ಲೇಖನಗಳಿಗೆ ಬಾಲವೇ ಇರಲಿಲ್ಲ. ಕಾಲಂ ಬರೆಯುವವಳ ಪ್ರಾಣ ಇರುವುದೇ ಕೊನೆಯ ಸಾಲಿನಲ್ಲಿ. ಅದಕ್ಕಾಗಿ ಎಷ್ಟು ಮಧ್ಯಾಹ್ನ ಕಿಟಕಿ ನೋಡಿಕೊಂಡು ಕೂತಿದ್ದೇನೆ. ಅದೇ ಇಲ್ಲದ ಪುಸ್ತಕಕ್ಕೆ ಓಕೆ ಅಂತ ನನ್ನ ಕೈಯಾರೆ ಬರೆದಿದ್ದೆ. ಓದುವಾಗ ಒಂದೂ ಕಾಣೆಯಾಗಿದೆ ಅನ್ನಿಸಿರಲಿಲ್ಲ. ಹಾಳೆಯಲ್ಲಿ ಇಲ್ಲದಿದ್ದರೂ ನನ್ನ ತಲೆಯಲ್ಲಿ ಅವು ಕೇಳಿಸಿಬಿಟ್ಟಿದ್ದವು.

ಅಲ್ಲಿಂದಲೇ ಭಾಗ್ಯನಿಗೆ ಫೋನ್ ಮಾಡಿದೆ. ಅವಳು ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು. ಆಮೇಲೆ, "ಸಾರಿ ಮೇಡಂ. ಎಲ್ಲಾ ಬಲಗಡೆ ಪುಟದಿಂದಲೇ ಶುರು ಆಗ್ಬೇಕು ಅಂದಿದ್ರಲ್ಲ. ಕೆಲವು ಲೇಖನ ಒಂದೇ ಒಂದು ಸಾಲು ಮುಂದಿನ ಪುಟಕ್ಕೆ ಉಕ್ಕೋದು. ಆ ಒಂದು ಸಾಲಿಗೋಸ್ಕರ ಒಂದು ಹಾಳೆ ಪೂರ್ತಿ ಖಾಲಿ ಬಿಡ್ಬೇಕಾಗಿತ್ತು. ಆಮೇಲೆ ಅಕ್ಷರ ಚಿಕ್ಕದು ಮಾಡಿ ಕೂರ್ಸಣ ಅಂತ ಹಂಗೇ ಬಿಟ್ಟಿದ್ದೆ. ಮದುವೆ ಕಾರ್ಡ್ ಬಂತು, ಮರೆತ್ಬಿಟ್ಟೆ."

"ಹಾಗಾದ್ರೆ ಆ ಸಾಲುಗಳು ಹೋದ್ವಾ?"

"ಎಲ್ಲೂ ಹೋಗಿಲ್ಲ ಮೇಡಂ. ಪುಟದ ಕೆಳಗೆ ಬಚ್ಚಿಟ್ಕೊಂಡಿರ್ತವೆ. ಪ್ರಿಂಟಲ್ಲಿ ಬರಲ್ಲ. ನಮ್ ಸ್ಕ್ರೀನ್ ಮೇಲೆ ಮಾತ್ರ ಒಂದು ಚಿಕ್ಕ ಕೆಂಪು ಗುರುತು ತೋರ್ಸುತ್ತೆ, ಇನ್ನೂ ಇದೆ ಅಂತ."

ಎಂಥ ಒಳ್ಳೆಯ ಏರ್ಪಾಡು. ಎದುರಿಗಿದ್ದವಳನ್ನು ನೋಡಿದೆ. ಹಬ್ಬಕ್ಕೊಂದು ಫೋನಿನಲ್ಲಿ "ಚೆನ್ನಾಗಿದೀನಿ ಮಿಸ್, ನೀನು?" ಅಂತ ಮುಗಿಸುತ್ತಿದ್ದಾಗ ಅವಳಿಗೆ ಎಂಥ ಕೆಂಪು ಗುರುತಿತ್ತು? ನನಗಾದರೂ ಎಂಥದಿತ್ತು?

ನಸೀಮಾ ನನ್ನ ತತ್ತ್ವಜ್ಞಾನಕ್ಕೆ ಬಿಡಲಿಲ್ಲ. "ಸರೋಜಕ್ಕಂದು ಓದು" ಅಂದಳು.

ಅಕ್ಕನ ಮೇಲೆ ಬರೆದಿದ್ದು ಪುಸ್ತಕದಲ್ಲಿ ಕೊನೆಯದು, ಅದರ ತನಕ ನಾನಿನ್ನೂ ಹೋಗಿರಲಿಲ್ಲ. ಪ್ರೂಫ್ ನೋಡುವಾಗ ಅದರ ಮೇಲೆ ಕಣ್ಣಾಡಿಸಿದ್ದೆ, ಜೋರಾಗಿ ಓದಿರಲಿಲ್ಲ. ಓದಿದೆ. ಬುದ್ಧನ ಪಟದ ಮುಂದೆ ಅವಳು ದಿನಾ ಇಡುತ್ತಿದ್ದ ಕಣಗಿಲೆ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ತನ್ನ ಡ್ರಿಪ್ಪನ್ನು ತಾನೇ ಸರಿ ಮಾಡಿಕೊಂಡಿದ್ದು. ಖಾಲಿ ಮನೆಗೆ ನಾನು ವಾಪಸು ಬಂದಿದ್ದು. 'ಫ್ರಿಜ್ ಮೇಲೆ ಅಕ್ಕನ ಕನ್ನಡಕ ಹಾಗೇ ಇದೆ. ದಿನಾ ಒರೆಸಿ ಅಲ್ಲೇ ಇಡುತ್ತೇನೆ.' ಅಲ್ಲಿಗೆ ಪ್ರೂಫ್ ನಿಂತಿತ್ತು.

ನಾನೂ ನಿಂತೆ. ಅವಳ 'ಆಮೇಲೆ?' ಗಾಗಿ ಕಾದೆ.

ಹೊರಗೆ ರೇಷ್ಮೆ ಮಷೀನು ತಿರುಗುತ್ತಲೇ ಇತ್ತು.

"ಹ್ಞೂಂ" ಅಂದಳು ನಸೀಮಾ.

 ನೀರು ಕುಡಿದು, ಕಟಿಂಗ್ ತೆಗೆದು ನೋಡಿದೆ. ಇಲ್ಲೂ ಒಂದು ಸಾಲು ಬಿದ್ದುಹೋಗಿತ್ತು. "ಇದಕ್ಕೂ ಕೊನೇಲಿ ಒಂದಿತ್ತು ಮಿಸ್. ಕೇಳು. 'ಸಾವು ಪೂರ್ಣವಿರಾಮವಲ್ಲ, ಬದುಕಿನ ವಾಕ್ಯದ ನಡುವೆ ಬರುವ ಒಂದು ಕಾಮಾ ಅಷ್ಟೇ.'"

"ಇತ್ತಾ? ನಂಗೆ ನೆನಪೇ ಇಲ್ಲ."

"ಹಾಕಿಸ್ಲಾ?"

"ಭಾಗ್ಯ ಅದೊಂದು ಪುಟ ಸರಿಯಾಗಿ ಮಾಡಿದ್ದಾಳೆ, ಬಿಡು."

ಬಿಟ್ಟೆ. ಉಳಿದ ಎಲ್ಲಕ್ಕೂ ಬಾಲ ಹಚ್ಚಿಸಿದ್ದೇನೆ. ಅಕ್ಷರ ಕೊಂಚ ಚಿಕ್ಕದಾಯಿತು. ಅಕ್ಕನದು ಮಾತ್ರ ಕನ್ನಡಕದ ಹತ್ತಿರವೇ ನಿಲ್ಲುತ್ತದೆ.

ಹೊರಡುವಾಗ ಮೊದಲ ಹಾಳೆ ತೆಗೆದು, 'ಕರಡು ತಿದ್ದಿದವರು' ಅಂತ ಇದ್ದಲ್ಲಿ ನಸೀಮಾ ಅಂತ ಬರೆದು ಅವಳಿಗೆ ಹೇಳಿದೆ. ನಕ್ಕಳು. "ಓದಕ್ಕಾಗದವಳು ಪ್ರೂಫ್ ನೋಡಿದ್ಲು ಅಂತ ಊರೆಲ್ಲ ಆಡ್ಕೊಳ್ಳುತ್ತೆ ಮಿಸ್" ಅಂದಳು. ಬಾಗಿಲ ತನಕ ಬಂದಳು. ಗೋಡೆಯ ಮೇಲೆ ಕೈಯಿಟ್ಟುಕೊಂಡು, ನಾನಿಲ್ಲದ ಕಡೆ ನೋಡುತ್ತಾ ಕೈ ಬೀಸಿದಳು. ನಾನು ಅವಳು ಬೀಸಿದ ಕಡೆಗೆ ಹೋಗಿ ನಿಂತು ಕೈ ಬೀಸಿದೆ. ನೋಟದ ಅಂಚಿನಲ್ಲಿ ಇದ್ದರೆ ತಾನೆ ಅವಳಿಗೆ ಕಾಣುವುದು, ಅದು ಆಮೇಲೆ ಬಸ್ಸಿನಲ್ಲಿ ನೆನಪಾಯಿತು.

ಚಿಂತಾಮಣಿಯಲ್ಲಿ ಇಳಿದು, ಬೀಗ ತೆಗೆದು, ಲೈಟು ಹಾಕಿದೆ. ಮನೆ ನಾನು ಬಿಟ್ಟು ಹೋದ ಹಾಗೇ ಇತ್ತು. ಬೆಳಿಗ್ಗೆ ಇಟ್ಟ ಲೋಟ ಸಿಂಕಿನಲ್ಲಿ, ಎದುರು ಕುರ್ಚಿ ಎದುರಿಗೆ. ಒಬ್ಬರೇ ಇರುವ ಮನೆಯಲ್ಲಿ ಯಾರೂ ಏನನ್ನೂ ಜರುಗಿಸುವುದಿಲ್ಲ. ತಲುಪಿದೆ ಅಂತ ತಿಳಿಸೋಕೆ ಫೋನ್ ಮಾಡಿದೆ.

"ಮನೆ ಸೇರಿದೆ ಮಿಸ್."

"ಆಮೇಲೆ?"

ಆಮೇಲೆ ಏನೂ ಇರಲಿಲ್ಲ. ಹಾಲಿಗೆ ಹೆಪ್ಪು ಹಾಕಬೇಕು ಅಂದೆ. ಬೆಳಗಿನ ಸಾರು ಇದೆ, ಅನ್ನ ಮಾತ್ರ ಇಡಬೇಕು ಅಂದೆ. ಅವಳು ಎಲ್ಲದಕ್ಕೂ ಆಮೇಲೆ ಅನ್ನುತ್ತಾ ಹೋದಳು. ನನ್ನ ಗಂಟಲು ಆ ಹೊತ್ತಿಗೆ ಪೂರ್ತಿ ತೆರೆದುಕೊಂಡಿತ್ತು.

ಭಾಗ್ಯ ನನ್ನನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತೇನೆ: ನಿಮ್ಮ ಮಾತು ಮುಗಿದ ಮೇಲೂ 'ಆಮೇಲೆ?' ಅನ್ನೋರು ನಿಮಗೆ ಯಾರಿದ್ದಾರೆ?